ದಂಡ ಕಟ್ಟಿ, ಹೆಸರು ಬದಲಿಸಿಕೊಳ್ಳಿ

ಗಾಡಿ ಮಾರುವ ದಿನ ನಮ್ಮ ಮಂದಿ ಎಷ್ಟು ಮುಗ್ಧರಾಗಿ ಕಾಣುತ್ತಾರೆ ಎನ್ನುವುದನ್ನು ನಮ್ಮ ಹೊಸಪೇಟೆಯ ಆರ್‌ಟಿಓ ಕಚೇರಿಯ ದಂಡದ ಕಿಟಕಿಯಲ್ಲಿ ಕೂತೇ ನೋಡಬೇಕು. ಪಾರ್ಕಿಂಗ್ ದಂಡ ಬಾಕಿ ಇದ್ದರೆ ಗಾಡಿ ಇನ್ನೊಬ್ಬರ ಹೆಸರಿಗೆ ಹೋಗುವುದಿಲ್ಲ. ಆ ಬಾಕಿ ವಸೂಲಿ ಮಾಡುವುದೇ ನನ್ನ ಕೆಲಸ.

ನನ್ನನ್ನು ಅಲ್ಲಿ ಕೂರಿಸುವಾಗ ಸಾಹೇಬರು ನಕ್ಕುಬಿಟ್ಟಿದ್ದರು. "ಪಾರ್ಕಿಂಗ್ ದಂಡ ಯಾರೂ ಕಟ್ಟಂಗಿಲ್ಲಮ್ಮ. ಈ ತಿಂಗಳು ನೋಡೂಣು. ಬಾಕಿ ಪೂರಾ ವಸೂಲಾಗಲಿಲ್ಲಂದ್ರ ಕಿಟಕಿ ಮುಚ್ಚಿ ನಿಮ್ಮನ್ನ ರೆಕಾರ್ಡ್ ರೂಮಿಗೆ ಹಾಕ್ತೀನಿ."

ಆ ರೂಮಿಗೆ ಫ್ಯಾನಿಲ್ಲ. ನಮ್ಮೂರ ಬಿಸಿಲು ಕಂಡವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ನನಗೂ ಹಟ ಬಂತು.

೧. ಮಿರ್ಚಿ

ಕಮಲಾಪುರದ ಬಾಳೆತೋಟದವರೊಬ್ಬರು ಬೈಕ್ ಮಾರಲು ಹೆಂಡತಿಯ ಜೊತೆ ಬಂದರು. ಹಂಪಿಯಲ್ಲಿ ದಂಡ ಬಿದ್ದಿದೆ ಎಂದೆ.

"ಹಂಪಿಗಾ? ನಾನಾ? ಬಗಲಾಗ ಐತಿ ಅಂತ ವರ್ಷಗಟ್ಲೆ ಹೋಗೇ ಇಲ್ರೀ!"

ಕಂಪ್ಯೂಟರ್ ತಿರುಗಿಸಿ ಫೋಟೊ ತೋರಿಸಿದೆ. ನಿಲ್ಲಿಸಬಾರದ ಜಾಗದಲ್ಲಿ ಬೈಕು, ಬೈಕಿನ ಮೇಲೆ ಅವರೇ, ಒಂದು ಕೈಯಲ್ಲಿ ಮಂಡಕ್ಕಿ ವಗ್ಗರಣಿ ತಟ್ಟೆ, ಇನ್ನೊಂದರಲ್ಲಿ ಮಿರ್ಚಿ ಬಜ್ಜಿ. ಹೆಂಡತಿ ಬಗ್ಗಿ ನೋಡಿದಳು.

"ನಿಮಗ ಎಣ್ಣಿ ಪದಾರ್ಥ ಬ್ಯಾಡ ಅಂತ ಡಾಕ್ಟ್ರು ಹೇಳ್ಯಾರಂತ ಮನ್ಯಾಗ ನಾನೂ ಮಿರ್ಚಿ ಬಿಟ್ಟು ಕುಂತೀನಿ!"

ಅವರು ತಕ್ಷಣ ದುಡ್ಡು ತೆಗೆದು ಪಿಸುಗುಟ್ಟಿದರು: "ಜಲ್ದಿ ಕಟ್ಟಿಸ್ಕೊರಿ, ಆ ಫೋಟೊ ಮೊದ್ಲು ಮುಚ್ಚ್ರಿ."

೨. ಸಂಡೂರಿನ ಜೀಪು

ಗಣಿ ರಸ್ತೆಯಲ್ಲಿ ಓಡಿ ಓಡಿ ಕೆಂಪಾದ ಜೀಪು. ಮಾರಲು ಬಂದವನು ವಾದದಲ್ಲಿ ಭಾರಿ ಗಟ್ಟಿ.

"ಈ ಫೋಟೊದಾಗಿರೋದು ನಮ್ಮ ಜೀಪ್ ಅಲ್ರೀ ಮೇಡಂ. ನಮ್ಮ ನಂಬರ್ ಪ್ಲೇಟ್ ಮ್ಯಾಲೆ ಇಷ್ಟು ದಪ್ಪ ಅದಿರಿನ ಧೂಳು. ನಂಬರು ನನಗೇ ಕಾಣಂಗಿಲ್ಲ, ಪೊಲೀಸಪ್ಪಗ ಹೆಂಗ ಕಂಡಿತು?"

"ಹೌದಲ್ಲ!" ಎಂದೆ. "ನಂಬರ್ ಕಾಣದಂಗ ಗಾಡಿ ಓಡಿಸಿದ್ರ ಬ್ಯಾರೆ ದಂಡ ಐತಿ. ಅದನ್ನ ಬರಕೊಳ್ಳಲಾ?"

ಆತ ಜೇಬಿಗೆ ಕೈ ಹಾಕಿದ. "ಬ್ಯಾಡ್ರೀ ಅಕ್ಕಾ, ಈಗ ನೆನಪಾತು. ಆವತ್ತು ಜೀಪ್ ತೊಳಸಿದ್ದೆ."

೩. ಬೀಗರು

ತಿಂಗಳ ಕೊನೆ. ಒಂದೇ ಒಂದು ಬಾಕಿ ಉಳಿದಿತ್ತು, ಅದೇ ದೊಡ್ಡದು. ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕರ ಕಾರು. ಕೊಂಡವರು ಮೆಟ್ರಿ ಹಳ್ಳಿಯ ರೈತರೊಬ್ಬರು, ಮಾಲೀಕರ ಮಗನಿಗೆ ಮಗಳನ್ನು ಕೊಟ್ಟ ಬೀಗರು. ಎಷ್ಟು ಸಲ ಬಂದರೂ ಅದೇ ಜಗಳ.

"ಗಾಡಿ ತೊಗೊಂಡವ್ರು ದಂಡಾನೂ ತೊಗೋಬೇಕು" ಅಂತ ಮಾಲೀಕರು.

"ನಿಲ್ಲಿಸಿದವ್ರು ನೀವು, ಕಟ್ಟೋರು ನಾವಾ?" ಅಂತ ರೈತರು.

ಹಿಂದೆ ಸಾಹೇಬರು ಕೈಕಟ್ಟಿ ನಿಂತಿದ್ದರು. ನನಗೆ ಫ್ಯಾನಿಲ್ಲದ ರೂಮು ಕಣ್ಮುಂದೆ ಬಂತು. ರೈತರ ಕಡೆ ಬಗ್ಗಿ, ಆದರೆ ಇಬ್ಬರಿಗೂ ಕೇಳುವಂತೆ ಹೇಳಿದೆ:

"ಹೋಗ್ಲಿ ಬಿಡ್ರಿ ಯಜಮಾನ್ರ. ಪಾಪ, ನಿಮ್ಮ ಬೀಗರಿಗೆ ಈಗ ಕೈ ಬಿಗಿ ಇರ್ಬೇಕು. ನೀವೇ ಕಟ್ಟಿಬಿಡ್ರಿ."

ಮಾಲೀಕರ ಮೀಸೆ ಅದುರಿತು. "ಯಾರಿಗ್ರೀ ಕೈ ಬಿಗಿ?" ಜೇಬಿನಿಂದ ನೋಟು ಹೊರಬಂದವು.

ರೈತರು ಅವರ ಕೈ ಹಿಡಿದುಕೊಂಡರು. "ಮಗಳು ಕೊಟ್ಟವರು ನಾವು. ನೀವು ಕಟ್ಟಿದ್ರ ನಮ್ಮ ಮರ್ಯಾದಿ ಏನಾಗಬೇಕು?"

ಇಬ್ಬರ ನೋಟೂ ಒಟ್ಟಿಗೆ ಕಿಟಕಿಯೊಳಗೆ ನುಗ್ಗಿದವು. ದಂಡ ಬಿದ್ದಾಗ ಗಾಡಿ ಯಾರ ಹೆಸರಲ್ಲಿತ್ತೋ ಅವರದ್ದನ್ನೇ ತೆಗೆದುಕೊಂಡೆ. ಮಾಲೀಕರು ಗೆದ್ದವರಂತೆ ಕುತ್ತಿಗೆ ಎತ್ತಿದರು. ರೈತರ ಮುಖ ಬಾಡಿತು. ಸಾಹೇಬರು ಕೆಮ್ಮಿ, "ಕಿಟಕಿ ಇರ್ಲಿ ಬಿಡಮ್ಮ" ಎಂದು ಒಳಗೆ ಹೋದರು. ನಿಜ ಹೇಳುತ್ತೇನೆ, ಆ ಹೊತ್ತು ನನಗೆ ಕುಣಿಯಬೇಕು ಅನ್ನಿಸಿತು.

ಹೆಸರು ಬದಲಾಯಿತು, ಕೀ ಕೈ ಬದಲಾಯಿತು. ಬೀಗರಿಬ್ಬರೂ ಹೊರಗೆ ಹೋದರೆ, ನಮ್ಮ ಗೇಟಿಗೆ ಅಡ್ಡ ನಿಂತ ಅದೇ ಕಾರಿನ ಫೋಟೊವನ್ನು ಟ್ರಾಫಿಕ್ ಪೊಲೀಸ್ ಆಗತಾನೆ ತೆಗೆದು ಮುಗಿಸಿದ್ದ.

ಮಾಲೀಕರು ಅಭ್ಯಾಸಬಲದಿಂದ ಜಗಳಕ್ಕೆ ಓಡಿದರು. ಅರ್ಧದಾರಿಯಲ್ಲಿ ಏನೋ ಹೊಳೆದು ನಿಂತರು. ತಿರುಗಿ ಬಂದು, ಬೀಗರ ಹೆಗಲ ಮೇಲೆ ಕೈಹಾಕಿ, ಮುಖದ ತುಂಬ ನಗುತ್ತಾ ಅಂದರು:

"ಬರ್ರಿ ಬೀಗರ, ಈಗ ಗಾಡಿ ನಿಮ್ದು. ಮರ್ಯಾದಿ ಉಳಿಸ್ಕೊರಿ!"