ಒಳ್ಳೆ ಘಳಿಗೆಯಲ್ಲಿ ಹೊರಟ ಬ್ಯಾಗು

ನಾನು ಏನಾದರೂ ಗಂಭೀರವಾಗಿ ಮಾಡೋಣ ಅಂತ ಹೊರಟರೆ ಸಾಕು, ತುಮಕೂರಿನ ಸದಾಶಿವನಗರದ ನಮ್ಮ ಬೀದಿಗೆ ಪುಕ್ಕಟೆ ಮನರಂಜನೆ. ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡೋಳು ನಾನು, ವಯಸ್ಸು ಐವತ್ತೊಂದು. "ಈ ಮಂಡಿ ಇನ್ನೆರಡು ವರ್ಷ ಚೆನ್ನಾಗಿ ನಡೆಯುತ್ತೆ, ಆಮೇಲೆ ನೋಡೋಣ" ಅಂತ ಡಾಕ್ಟರು ಅಂದ ದಿನವೇ ತೀರ್ಮಾನ ಮಾಡಿದೆ. ಹೊನ್ನಾವರದ ಕಡೆ, ರಸ್ತೆಯೇ ಇಲ್ಲದ ಕಡಲ ದಂಡೆಯಲ್ಲಿ ನಾಲ್ಕು ದಿನ ನಡೆಯಲೇಬೇಕು. ಜೊತೆಗೆ ಗುಬ್ಬಿಯಲ್ಲಿರೋ ನನ್ನ ಕಾಲೇಜು ಗೆಳತಿ. ಎಷ್ಟು ಆಸೆಯಾಗಿತ್ತು ಅಂದರೆ, ಕ್ಲಾಸಲ್ಲಿ ಪಾಠ ಮಾಡ್ತಾ ಬೋರ್ಡ್ ಮೇಲೆ ಅಲೆ ಬರೆದುಬಿಟ್ಟಿದ್ದೆ. ಪಾಠ ಇದ್ದದ್ದು ಜೀರ್ಣಾಂಗದ್ದು.

ಹಾಲು

ಮೊದಲು ಅತ್ತೆಯ ಒಪ್ಪಿಗೆ ಆಗಬೇಕಲ್ಲ, ವಿಷಯ ಹೇಳಿದೆ.

"ಅಲ್ಲಿಗೆ ಬಸ್ ಹೋಗುತ್ತಾ?"

"ಇಲ್ಲ ಅತ್ತೆ."

"ದೊಡ್ಡ ದೇವಸ್ಥಾನ ಇದೆಯಾ?"

"ಇಲ್ಲ."

"ಹೋಟ್ಲು?"

"ಒಂದೂ ಇಲ್ಲ."

"ಮತ್ತೆ ಯಾಕೆ ಹೋಗ್ತೀಯಮ್ಮ?"

"ನಡೆಯೋಕೆ."

ಅತ್ತೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನೆನ್ನೆ ಮೂಲೆ ಅಂಗಡೀಲಿ ಹಾಲು ತಗೊಂಡು ಬಾ ಅಂದ್ರೆ ಸ್ಕೂಟಿ ತೆಗೆದೆಯಲ್ಲ ತಾಯಿ."

ಅಭ್ಯಾಸ

ಬೆನ್ನಿಗೆ ಭಾರ ಹೊತ್ತು ಅಭ್ಯಾಸ ಮಾಡಿ ಅಂತ, ಅಲ್ಲಿ ನಮ್ಮನ್ನು ಕರೆದುಕೊಂಡು ಹೋಗಬೇಕಿದ್ದ ಗೈಡು ಫೋನಲ್ಲಿ ಹೇಳಿದ್ದ. ಬ್ಯಾಗಿಗೆ ಐದು ಕೆಜಿ ತೊಗರಿಬೇಳೆ ತುಂಬಿಕೊಂಡು ಸಂಜೆ ಬೀದೀಲಿ ನಡೆಯೋಕೆ ಶುರು ಮಾಡಿದೆ. ಮೂರನೇ ಸುತ್ತಿಗೆ ಬೆವರು ಕಣ್ಣಿಗಿಳಿದು ಕಣ್ಣೆಲ್ಲ ಕೆಂಪಾಗಿತ್ತು. ಆಗ ನಮ್ಮ ಬೀದಿಯ ರಿಟೈರ್ಡ್ ಹೆಡ್‌ಮಾಸ್ಟರು ಅಡ್ಡ ಬಂದರು. "ಏನೇ ಇದ್ರೂ ಮನೆ ಬಿಟ್ಟು ಹೋಗಬಾರದಮ್ಮ" ಅಂದವರೇ ನನ್ನನ್ನು ವಾಪಸ್ ಮನೆಗೆ ಕರೆದುಕೊಂಡು ಬಂದರು. ನಾನು ಬಾಯಿ ತೆಗೆದರೆ "ನೀನು ಸುಮ್ನಿರು, ಗೊತ್ತು ನಂಗೆ" ಅಂತಾರೆ.

ನಮ್ಮೆಜಮಾನರು ಅವರೆಕಾಯಿ ಸುಲೀತಾ ಕೂತಿದ್ದರು. ಅವರಿಗೆ ಕಾಲು ಗಂಟೆ ಬುದ್ಧಿವಾದ ಆಯಿತು. ಕೊನೆಗೆ ಎದ್ದು ನಿಂತು ಕೈಮುಗಿದರು. "ತಪ್ಪಾಯ್ತು ಸಾರ್, ಇನ್ಮೇಲೆ ಚೆನ್ನಾಗಿ ನೋಡ್ಕೋತೀನಿ."

ಹೆಡ್‌ಮಾಸ್ಟರು ಅತ್ತ ಹೋದ ಮೇಲೆ ನಮ್ಮೆಜಮಾನರು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಈಗ ಹೇಳು, ನಾನೇನ್ ಮಾಡ್ದೆ?"

ಗುಬ್ಬಿಯಲ್ಲಿ ಟೆಂಟು

ಟೆಂಟ್ ಹಾಕೋದು ಕಲಿಯೋಣ ಅಂತ ಒಂದು ಭಾನುವಾರ ಗುಬ್ಬಿಗೆ ಹೋದೆ. ಗೆಳತಿ ಮನೆ ಪಕ್ಕದ ಖಾಲಿ ಸೈಟಲ್ಲಿ ಒಂದು ಗಂಟೆ ಒದ್ದಾಡಿ ನಿಲ್ಲಿಸಿದೆವು. ಹೊರಗೆ ಬಂದು ನೋಡಿದರೆ ನಾಲ್ಕು ಜನ ಅಜ್ಜಂದಿರು ಸಾಲಾಗಿ ನಿಂತಿದ್ದಾರೆ, ಕೈಯಲ್ಲಿ ಆಧಾರ್ ಕಾರ್ಡು. ಟೆಂಟ್ ಹಾಕಿದ್ದಾರೆ ಅಂದಮೇಲೆ ಉಚಿತ ಕಣ್ಣಿನ ತಪಾಸಣೆಯೇ ಇರಬೇಕು ಅಂತ ಅವರ ನಂಬಿಕೆ. ನಾವು ಡಾಕ್ಟರಲ್ಲ ಅಂತ ಎಷ್ಟು ಹೇಳಿದರೂ ಮೊದಲನೆಯ ಅಜ್ಜ ಅಲ್ಲಾಡಲಿಲ್ಲ. "ಅಷ್ಟು ದೂರದಿಂದ ನಡ್ಕೊಂಡ್ ಬಂದಿವ್ನಿ, ಒಂದ್ಸಲ ನೋಡ್ ಬುಡವ್ವ." ಸರಿ, ಟಾರ್ಚ್ ಹಿಡಿದು ನೋಡಿ, ನನಗೇನೂ ಗೊತ್ತಾಗಲ್ಲ, ಆಸ್ಪತ್ರೇಲಿ ತೋರಿಸಿ ಅಂದೆ.

ಅಜ್ಜ ಹಿಂದೆ ನಿಂತವರಿಗೆ ಹೇಳಿದ, "ಒಳ್ಳೆ ಡಾಕ್ಟ್ರಮ್ಮ ಕಣ್ರಲಾ. ಗೊತ್ತಿಲ್ಲ ಅಂತ ಬಾಯ್ಬಿಟ್ಟು ಹೇಳ್ತದೆ."

ಪ್ರಸ್ಥಾನ

ನಾವು ನಡೆಯಬೇಕಿದ್ದ ದಂಡೆಯಲ್ಲಿ ಒಂದು ಕಡೆ ಬೆಟ್ಟದ ಮೂಗು ಸಮುದ್ರಕ್ಕೇ ಚಾಚಿಕೊಂಡಿದೆ. ನೀರು ಇಳಿದಾಗ ಮಾತ್ರ ಅದರ ಬುಡದ ಬಂಡೆಗಳ ಮೇಲೆ ದಾಟಬಹುದು. ಬುಧವಾರ ಬೆಳಗ್ಗೆ ಹತ್ತಕ್ಕೆ ಇಳಿತ, ಅದು ತಪ್ಪಿದರೆ ನಡಿಗೆಯೇ ಇಲ್ಲ ಅಂತ ಗೈಡು ಕಡ್ಡಿ ಮುರಿದ ಹಾಗೆ ಹೇಳಿದ್ದ. ನನಗೆ ಈ ವರ್ಷ ಇನ್ನು ರಜೆ ಇಲ್ಲ, ಮುಂದಿನ ವರ್ಷ ಮಂಡಿ ಹೇಗಿರುತ್ತೋ ಗೊತ್ತಿಲ್ಲ. ಮಂಗಳವಾರ ಬೆಳಗ್ಗೆಯೇ ನಡಿಗೆ ಶುರುವಾಗಬೇಕು, ಹಾಗಾಗಿ ಸೋಮವಾರ ಬೆಳಗ್ಗೆ ಎಂಟರ ಬಸ್ಸೇ ಆಗಬೇಕು.

ಅತ್ತೆ ಕ್ಯಾಲೆಂಡರ್ ನೋಡಿದರು. "ಏಳೂವರೆಯಿಂದ ಒಂಬತ್ತು ರಾಹುಕಾಲ. ಹೊರಡೋ ಹಂಗಿಲ್ಲ."

"ಸಮುದ್ರ ನಮಗೋಸ್ಕರ ಕಾಯಲ್ಲ ಅತ್ತೆ."

"ರಾಹುನೂ ಕಾಯಲ್ಲ."

ಕೊನೆಗೆ ದಾರಿಯನ್ನೂ ಅವರೇ ಹುಡುಕಿದರು. ಹಿಂದಿನ ದಿನವೇ ಒಳ್ಳೆ ಘಳಿಗೆಯಲ್ಲಿ ಗಂಟನ್ನು ಬೇರೆಯವರ ಮನೇಲಿಟ್ಟರೆ ಪ್ರಯಾಣ ಆಗಲೇ ಶುರುವಾದ ಲೆಕ್ಕ. ಅದಕ್ಕೆ ಪ್ರಸ್ಥಾನ ಇಡೋದು ಅಂತಾರೆ. ಭಾನುವಾರ ಬೆಳಗ್ಗೆ ನನ್ನ ಬ್ಯಾಗಿಗೆ ಮೂರು ಬೆರಳು ವಿಭೂತಿ ಹಚ್ಚಿ ಎದುರು ಮನೇಲಿಟ್ಟು ಬಂದರು.

ಸೋಮವಾರ ಏಳು ಗಂಟೆಗೆ ತರೋಕೆ ಹೋದರೆ ಎದುರು ಮನೆಗೆ ಬೀಗ. ಆ ಮನೆಯಾಕೆಗೆ ಫೋನ್ ಮಾಡಿದೆ.

"ಕುಣಿಗಲ್‌ಗೆ ಬಂದ್ಬಿಟ್ವಿ ಮೇಡಂ. ಮಗಳಿಗೆ ಗಂಡು ಮಗು."

"ತುಂಬಾ ಸಂತೋಷ. ಬೀಗದ ಕೈ ಎಲ್ಲಿದೆ?"

"ಮೂರು ಕೆಜಿ ಇದೆ ಮೇಡಂ."

ತೆರೆದ ಕಿಟಕಿಯಲ್ಲಿ ಇಣುಕಿದೆ. ಬ್ಯಾಗು ವಿಭೂತಿ ಹಚ್ಚಿಕೊಂಡು ಕುರ್ಚಿ ಮೇಲೆ ಸ್ವಾಮಿಗಳ ಹಾಗೆ ಕೂತಿತ್ತು. ನನಗೆ ಅಳುವೇ ಬಂತು. ನಮ್ಮೆಜಮಾನರು ಹೂವು ಕೀಳೋ ದೋಟಿ ತಂದು ಅದನ್ನು ಸರಳಿನ ತನಕ ಎಳೆದರು. ಬ್ಯಾಗು ಸರಳಲ್ಲಿ ತೂರಲಿಲ್ಲ. ಜಿಪ್ ತೆಗೆದು ಬಟ್ಟೆ, ಟಾರ್ಚು, ಹುರಿಹಿಟ್ಟು ಎಲ್ಲವನ್ನೂ ಒಂದೊಂದೇ ಹೊರಗೆಳೆದೆವು. ಅತ್ತೆ ಅದನ್ನೆಲ್ಲ ಅಕ್ಕಿ ಚೀಲಕ್ಕೆ ತುಂಬಿ, ತಮ್ಮ ಹಳೇ ಸೀರೆ ಹರಿದು ಹೆಗಲಿಗೆ ಪಟ್ಟಿ ಕಟ್ಟಿಕೊಟ್ಟರು. ಓಡಿ ಹೋಗಿ ಬಸ್ ಹತ್ತಿದೆ. ಗುಬ್ಬಿಯಲ್ಲಿ ಹತ್ತಿದ ಗೆಳತಿ ನನ್ನ ಅಕ್ಕಿ ಚೀಲ ನೋಡಿ ತಿಪಟೂರಿನ ತನಕ ನಕ್ಕಳು.

ಬುಧವಾರ ಹತ್ತಕ್ಕೆ ಆ ಬಂಡೆ ದಾಟಿದೆ. ಅಷ್ಟು ಖುಷಿ ನನಗೆ ಮದುವೆ ದಿನವೂ ಆಗಿರಲಿಲ್ಲ. ಚೀಲ ಎರಡು ಕಡೆ ಹರಿದಿತ್ತು, ಮಂಡಿ ತರಚಿತ್ತು, ತಲೆಯಿಂದ ಕಾಲಿನ ತನಕ ಹುರಿಹಿಟ್ಟು. ಅಲ್ಲಿ ಹೇಗೋ ಸಿಗ್ನಲ್ ಸಿಕ್ಕಿ ಅತ್ತೆಯ ಫೋನ್ ಬಂತು.

"ಎದುರು ಮನೆಯವರು ಬಂದ್ರು ಕಣಮ್ಮ, ನಿನ್ ಬ್ಯಾಗು ಕ್ಷೇಮವಾಗಿ ಮನೆ ಸೇರ್ತು. ನೋಡ್ದಾ, ಒಳ್ಳೆ ಘಳಿಗೇಲಿ ಹೊರಟಿದ್ದಕ್ಕೆ ಅದಕ್ಕೆ ಒಂದು ಗೀರೂ ಬಿದ್ದಿಲ್ಲ."