ಮುಂದಿನ ವಾರ ತೆಗೆಯಬೇಕಾದ ಸಾಲು

ಅಂದಿನ ರಾದ್ಧಾಂತಕ್ಕೆಲ್ಲ ಕಾರಣ ಒಂದು ‘ಹೂಂ’. ಅದನ್ನು ಅಂದವನು ಮೌನಿಯಲ್ಲ. ಅವನು ಹೂಂ ಅನ್ನುವುದಕ್ಕೂ ಎರಡು ಸಲ ಯೋಚಿಸುವ ಮನುಷ್ಯ. ಬಸ್ ಡಿಪೋದಲ್ಲಿ ಮೌನಿ ಎಂಬ ಹೆಸರು ಬಿದ್ದದ್ದೇ ಅದಕ್ಕೆ.

ಯಾವ ಡ್ರೈವರು ಯಾವ ದಿನ ಯಾವ ಬಸ್ಸು ಹತ್ತಬೇಕೆಂಬ ಡ್ಯೂಟಿ ಚಾರ್ಟು ತೆಗೆಯುವುದು ಮೌನಿಯ ಕೆಲಸ. ಅದಕ್ಕೆಂದೇ ಮೂರು ವರ್ಷದ ಹಿಂದೆ ಒಂದು ಪ್ರೋಗ್ರಾಂ ಬರೆದಿದ್ದ. ಕಪ್ಪು ಪರದೆಯ ಮೇಲೆ ‘ಸರದಿ’ ಎಂದು ಕಮಾಂಡ್ ಕೊಟ್ಟರೆ ನಾಳೆಯ ಚಾರ್ಟು ಸಿದ್ಧ. ಚಿತ್ರವಿಲ್ಲ, ಬಣ್ಣವಿಲ್ಲ, ಅವನಂತೆಯೇ ಮಾತು ಕಡಿಮೆ. ತಾರೀಖಿನ ಲೆಕ್ಕವನ್ನು ಮಾತ್ರ, ದೂರದ ಯಾರೋ ಪುಣ್ಯಾತ್ಮ ಬರೆದು ಎಲ್ಲರಿಗೂ ಹಂಚಿದ್ದ ‘ಲೈಬ್ರರಿ’ ಎಂಬ ಸಿದ್ಧ ಪ್ರೋಗ್ರಾಂ ತುಣುಕಿನಿಂದ ಎರವಲು ತಂದಿದ್ದ.

ಆ ಬುಧವಾರ ಮೌನಿ ಬೇಗ ಹೊರಡಬೇಕಿತ್ತು. ನಾಲ್ಕು ಗಂಟೆಗೆ ಹೆಂಡತಿಯ ಡ್ರೈವಿಂಗ್ ಟೆಸ್ಟು. ಎರಡು ಸಲ ಫೇಲಾಗಿದ್ದಳು; ಬರುತ್ತೇನೆಂದ ಮೌನಿ ಎರಡು ಸಲವೂ ಡಿಪೋದಲ್ಲೇ ಸಿಕ್ಕಿಬಿದ್ದಿದ್ದ.

“ನೀವೇನೂ ಮಾತಾಡ್ಬೇಡಿ, ಅದು ಹೇಗೂ ನಿಮಗೆ ಬರಲ್ಲ,” ಎಂದಿದ್ದಳು ಬೆಳಿಗ್ಗೆ. “ಮೈದಾನದ ಅಂಚಲ್ಲಿ ಸುಮ್ನೆ ನಿಂತಿರಿ. ಸಾಕು.”

ಹನ್ನೊಂದಕ್ಕೆ ಚಾರ್ಟು ನೋಟೀಸ್ ಬೋರ್ಡಿಗೇರಿತು. ಹನ್ನೊಂದೂ ಐದಕ್ಕೆ ‘ಹಾರ್ನ್’ ಬಂದ. ಬಾಯಿ ತೆರೆದರೆ ನಿಂತ ಬಸ್ಸೂ ದಾರಿ ಬಿಡಬೇಕು, ಅಂಥ ಡ್ರೈವರು.

“ಸಾರ್! ನಾಳೆ ಗುರುವಾರ ನಂಗೆ ರಜೆ. ಇಲ್ಲಿ ಏಳನೇ ನಂಬರ್ ಬಸ್ಸು ಅಂತಿದೆ! ಆರು ದಿನ ಓಡ್ಸಿದೀನಿ, ನಾನೇನು ಡೀಸೆಲ್ ಕುಡೀತೀನಾ?”

ಹಿಂದೆ ಹತ್ತು ಜನ. ಗುರುವಾರದ ಚಾರ್ಟಿನಲ್ಲಿ ಶುಕ್ರವಾರದ್ದೇ ಸಂಪೂರ್ಣ ಕೂತಿತ್ತು. ಶುಕ್ರವಾರ ರಜೆಯಿದ್ದವರು ಮಾತ್ರ ಚಾರ್ಟು ಸರಿಯಾಗೇ ಇದೆಯೆಂದು ವಾದಿಸುತ್ತಿದ್ದರು.

“ಮೂರೂವರೆಗೆ ಸರಿಯಾದ್ದು ಬೇಕು,” ಎಂದರು ಮ್ಯಾನೇಜರು. “ಇಲ್ದಿದ್ರೆ ನಾಳೆ ಬಸ್ಸು ನೀವೇ ಓಡ್ಸಿ.”

ಮೌನಿಗೆ ಸೈಕಲ್ಲೂ ಬಾರದು.

ಪ್ರೋಗ್ರಾಮಿನ ಸಾಲುಸಾಲನ್ನೂ ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ನೋಡತೊಡಗಿದ. ಆರಿಸಲು ಜನ ಬಿಡಬೇಕಲ್ಲ.

“ಆಫ್ ಮಾಡಿ ಆನ್ ಮಾಡಿದ್ರಾ?” ಎಂದು ಸ್ಟೋರ್ ಕೀಪರು ಮೂರನೇ ಸಲ ಕೇಳಿದರು.

“ಮೊದ್ಲು ಆ ಕಪ್ಪು ಬಣ್ಣ ತೆಗೀರಿ,” ಎಂದರು ಪಾಸ್ ವಿಭಾಗದ ಮೇಡಂ. “ನೋಡಿದ್ರೇ ಮಂಕು ಕವಿಯುತ್ತೆ. ಕಂಪ್ಯೂಟರಿಗೂ ಹಾಗೇ ಆಗಿರುತ್ತೆ, ಪಾಪ.”

ಊಟದ ಡಬ್ಬಿ ತೆರೆಯದೆಯೇ ತಣ್ಣಗಾಯಿತು. ಎರಡೂವರೆಗೆ ಸ್ಟೋರ್ ಕೀಪರು ಕುರ್ಚಿ ಹತ್ತಿರಕ್ಕೆಳೆದುಕೊಂಡು ಗಂಟಲು ಸರಿಮಾಡಿಕೊಂಡರು.

“ಅಲ್ಲ ಮೌನಿ, ಬೆಳಿಗ್ಗೆ ನೀವು ಬರೋ ಮುಂಚೆ ಇದು ‘ಲೈಬ್ರರಿ ಹೊಸದು ಬಂದಿದೆ, ಹಾಕ್ಲಾ’ ಅಂತ ಕೇಳ್ತು. ಹೂಂ ಅಂದೆ. ಅಷ್ಟು ವಿನಯವಾಗಿ ಕೇಳಿದ್ರೆ ಬೇಡ ಅನ್ನೋಕಾಗುತ್ತಾ? ಇನ್ಮೇಲೆ ಕೇಳ್ದೇನೇ ಹಾಕ್ಕೋ ಅಂತಾನೂ ಒತ್ತಿದೀನಿ. ನಿಮಗೆ ಯಾಕೆ ತೊಂದರೆ.”

ಮೌನಿ ಅವರನ್ನೇ ನೋಡಿದ. ಬೈಗುಳ ಕಣ್ಣಿನವರೆಗೆ ಬಂದು ಅಲ್ಲೇ ನಿಂತಿತು.

ಹೊಸ ಲೈಬ್ರರಿಯ ಜೊತೆ ಒಂದು ಟಿಪ್ಪಣಿಯಿತ್ತು: ‘ಒಂದು ದಿನ ಹಿಂದೆ ತೋರಿಸುತ್ತಿದ್ದ ತಪ್ಪನ್ನು ಕೊನೆಗೂ ಸರಿಪಡಿಸಿದೆ. ಮೂರು ವರ್ಷದ ಹಿಂದೆ ಇದನ್ನು ತೋರಿಸಿಕೊಟ್ಟ ಮೌನಿ ಎಂಬ ಗೆಳೆಯನಿಗೆ ಕೃತಜ್ಞತೆ.’

ನೆನಪಾಯಿತು. ಆ ತಪ್ಪು ತಿಳಿಸಿ ಪುಣ್ಯಾತ್ಮನಿಗೆ ಕಾಗದ ಬರೆದು, ಉತ್ತರ ಬರುವವರೆಗೆ ನಡೆಯಲೆಂದು ‘ಒಂದು ದಿನ ಕೂಡಿಸು’ ಎಂಬ ಸಾಲೊಂದನ್ನು ತನ್ನ ಪ್ರೋಗ್ರಾಮಿಗೆ ಸೇರಿಸಿದ್ದ. ಹುಡುಕಿದ. ಇತ್ತು. ಪಕ್ಕದಲ್ಲಿ ಅವನದೇ ಷರಾ: ‘ಇದು ತಾತ್ಕಾಲಿಕ. ಮುಂದಿನ ವಾರ ತೆಗೆಯಬೇಕು.’

ತೆಗೆದ. ಸರದಿ ಎಂದ. ಗುರುವಾರ ಗುರುವಾರದಂತೆ ಬಂತು, ಹಾರ್ನ್‌ಗೆ ರಜೆ. ಗಂಟೆ ಮೂರು ಇಪ್ಪತ್ತು. ಮೌನಿ ಚೀಲ ಹೆಗಲಿಗೇರಿಸಿದ.

“ಭೇಷ್!” ಎಂದರು ಮ್ಯಾನೇಜರು. “ನಾಲ್ಕನೇ ಬಸ್ಸು ಕೆಟ್ಟು ನಿಂತಿದೆ. ಅದನ್ನ ಬಿಟ್ಟು ಇನ್ನೊಂದ್ಸಲ ತೆಗೆದುಕೊಟ್ಟು ಹೋಗಿಬಿಡಿ.”

ನಿಂತುಕೊಂಡೇ ಸರದಿ ಎಂದ. ಈ ಸಲ ಬಂದದ್ದು ಬುಧವಾರದ ಚಾರ್ಟು.

ಚೀಲ ಹೆಗಲಿನಿಂದ ತಾನಾಗಿ ಜಾರಿತು. ಎಲ್ಲವನ್ನೂ ಮತ್ತೆ ನೋಡಿದ. ಗೋಡೆಯ ಗಡಿಯಾರ ನಾಲ್ಕು ದಾಟಿತು. ಈಗ ಅವಳು ಮೈದಾನದ ಅಂಚು ನೋಡುತ್ತಿರುತ್ತಾಳೆ ಎಂದುಕೊಂಡ.

ನಾಲ್ಕೂವರೆಗೆ ಪರದೆಯ ಮೇಲೆ ಒಂದು ಪತ್ರ ಕಾಣಿಸಿತು: ‘ಗೆಳೆಯ ಮೌನಿ, ನಿಮ್ಮ ದೂರು ಓದಿ ಬಹಳ ನೊಂದೆ. ಹಳೆಯ ಲೆಕ್ಕವನ್ನೇ ವಾಪಸು ತಂದಿದ್ದೇನೆ. ಕ್ಷಮಿಸಿ.’

“ದೂರು?”

ಸ್ಟೋರ್ ಕೀಪರು ಅರಳಿದರು. “ನಾನೇ ಬರೆದೆ, ನಿಮ್ಮ ಹೆಸರಲ್ಲಿ! ನೀವು ಬೋರ್ಡಿನ ಹತ್ರ ಬೈಸ್ಕೊಳ್ತಾ ಇದ್ರಲ್ಲ, ಆಗ. ನಿಮಗೆ ಖಾರವಾಗಿ ಬರೆಯೋಕೆ ಬರಲ್ಲ ನೋಡಿ. ಎಷ್ಟು ಬೇಗ ಸರಿಮಾಡಿದಾನೆ!”

ಕಂಪ್ಯೂಟರು ಆ ಹಳೆಯ ಲೆಕ್ಕವನ್ನು, ಹೇಳಿದ್ದಂತೆಯೇ, ಕೇಳದೆ ಹಾಕಿಕೊಂಡು ಮತ್ತೆ ಒಂದು ದಿನ ಹಿಂದೆ ಬಿದ್ದಿತ್ತು.

ಕಿಟಕಿಯಾಚೆ ಕಾರೊಂದು ಹಾರ್ನ್ ಮಾಡಿತು. ಮೇಲೆ ‘ಕಲಿಯುವವರು’ ಎಂಬ ಫಲಕ, ಪಕ್ಕದಲ್ಲಿ ತರಬೇತಿಯವನು, ಸ್ಟೇರಿಂಗಿನ ಹಿಂದೆ ಅವನ ಹೆಂಡತಿ. ಮುಖ ಹಚ್ಚಿದ ದೀಪದಂತಿತ್ತು.

“ಪಾಸಾಯ್ತು!”

ಮೌನಿ ಕಿಟಕಿಯ ಸರಳು ಹಿಡಿದುಕೊಂಡ. “ನಾನು ಬರೋಕೆ...”

“ಬರಲ್ಲ ಅಂತ ಗೊತ್ತಿತ್ತು ಬಿಡಿ. ಎರಡು ಸಲ ನೀವು ಬಂದ್ರಾ ಅಂತ ಅಂಚು ನೋಡ್ತಾನೇ ಕಂಬಕ್ಕೆ ಗುದ್ದಿದ್ದು. ಈ ಸಲ ನಿಮ್ಮನ್ನ ಬಿಟ್ಟು ರಸ್ತೆ ನೋಡ್ದೆ.” ನಕ್ಕಳು. “ಬನ್ನಿ, ಮನೆಗೆ ಕರ್ಕೊಂಡು ಹೋಗ್ತೀನಿ.”

“ಹತ್ತು ನಿಮಿಷ.”

“ನಿಮ್ಮ ಹತ್ತು ನಿಮಿಷದಲ್ಲಿ ನಾನು ಊರು ಎರಡು ಸುತ್ತು ಹಾಕ್ಬೋದು. ಹಾಕ್ಕೊಂಡು ಬರ್ಲಾ?”

ಅಪರೂಪಕ್ಕೆ ಮೌನಿ ಯೋಚಿಸದೆ ಹೂಂ ಅಂದ. ಕಾರು ಒಮ್ಮೆ ಮುಗ್ಗರಿಸಿ, ಸಾವರಿಸಿಕೊಂಡು ಗೇಟು ದಾಟಿತು. ಅದರ ಸದ್ದು ಅಡಗುವವರೆಗೂ ಕೇಳಿಸಿಕೊಂಡು, ಅವನು ಕೂತು ಮಧ್ಯಾಹ್ನ ತೆಗೆದ ಸಾಲನ್ನೇ ಮತ್ತೆ ಬರೆದ: ಒಂದು ದಿನ ಕೂಡಿಸು. ಪಕ್ಕದಲ್ಲಿ ಷರಾ ಹಾಕಿದ:

‘ಇದು ತಾತ್ಕಾಲಿಕ. ಮುಂದಿನ ವಾರ ತೆಗೆಯಬೇಕು.’