ಮಲ್ಲಿಗೆಗೆ ನಾನು ಮಾಡಿದ ಉಪಚಾರ

ಗಿಡ ಬೆಳೆಸುವುದರಲ್ಲಿ ನನ್ನ ಕೈಗುಣ ದೊಡ್ಡದೆಂದು ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಒಬ್ಬರು ನಂಬಿದ್ದರು. ಆ ಒಬ್ಬರು ನಾನೇ!

ನಮ್ಮ ಅಂಗಳದಲ್ಲಿ ನನ್ನ ಹೆಂಡತಿ ಸುವರ್ಣಾಳ ಮಲ್ಲಿಗೆ ಕುಂಡವಿದೆ. ಹುಮನಾಬಾದಿನ ತವರುಮನೆಯ ಬಳ್ಳಿಯಿಂದ ಅವಳ ತಾಯಿ ಬೇರು ಬಿಡಿಸಿ ಕೊಟ್ಟದ್ದು. ಈ ಸಲ ಯಾಕೋ ಮೊಗ್ಗೇ ಬಿಟ್ಟಿರಲಿಲ್ಲ. ರವಿವಾರ ಅತ್ತೆಯವರು ಬರುವವರಿದ್ದರು.

"ಅವ್ವ ಬಂದಾಕಿನೇ ಮೊದ್ಲ ಗಿಡ ನೋಡ್ತಾಳ್ರೀ, ಆಮ್ಯಾಲ ನನ್ನ ನೋಡ್ತಾಳ" ಎಂದು ಸುವರ್ಣಾ ಮುಖ ಸಣ್ಣ ಮಾಡಿದಳು.

ಗೊಬ್ಬರದ ಅಂಗಡಿಗೆ ಹೋಗಿ, ಕಡಲ ಪಾಚಿಯಿಂದ ತಯಾರಿಸಿದ ದ್ರವಗೊಬ್ಬರದ ಬಾಟಲಿ ತಂದೆ. ಒಂದು ಬಕೆಟ್ ನೀರಿಗೆ ಒಂದೇ ಮುಚ್ಚಳ ಎಂದು ಅಂಗಡಿಯವರು ಹೇಳಿದ್ದರು. ಒಂದೇ ಮುಚ್ಚಳ! ನಮ್ಮ ಕಡೆ ಹೋಳಿಗೆಗೆ ತುಪ್ಪ ಬಡಿಸುವಾಗ, ಉಣ್ಣುವವರು ತಾಟಿಗೆ ಕೈ ಅಡ್ಡ ಹಿಡಿದು "ಸಾಕ್ರಿ, ಸಾಕ್ರಿ" ಅಂದರೂ ಬೆರಳ ಸಂದಿಯಿಂದ ಇನ್ನೊಂದು ಸೌಟು ಬೀಳಲೇಬೇಕು. ಮಲ್ಲಿಗೆಯಂತೂ ಸಾಕು ಅನ್ನಲೇ ಇಲ್ಲ. ಅರ್ಧ ಬಾಟಲಿಯನ್ನು ಒಂದು ಚೊಂಬು ನೀರಿಗೆ ಬೆರೆಸಿ ಬೇರಿಗೆ ಸುರಿದೆ. ಉಳಿದರ್ಧವನ್ನು ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಎಲೆಗಳಿಗೆ ಸಿಂಪಡಿಸಿದೆ.

ಆಗ ವಾಸನೆ ಎದ್ದಿತು. ಸಮುದ್ರವನ್ನೇ ಕಾಣದ ನಮ್ಮ ಓಣಿಗೆ ಸಮುದ್ರವೇ ನಡೆದು ಬಂದಂತಾಯಿತು! ಕಂಪೌಂಡಿನ ಮೇಲೆ ಬೆಕ್ಕುಗಳು ಪಂಕ್ತಿ ಹಿಡಿದು ಕುಳಿತವು. ಪಕ್ಕದ ಮನೆಯ ಶಾಂತಾಬಾಯಿ ಮೂಗಿಗೆ ಸೆರಗು ಹಿಡಿದು ಇಣುಕಿದರು.

"ಅಣ್ಣಾರ, ನೀವು ಸೋಮವಾರ ಉಳ್ಳಾಗಡ್ಡಿ ಸುದ್ದಾ ಮುಟ್ಟಂಗಿಲ್ಲ. ಮೀನ ಯಾವಾಗ ಚಾಲೂ ಮಾಡಿದ್ರಿ?"

"ಮೀನಲ್ರೀ ಅಕ್ಕಾರ, ಗೊಬ್ಬರ!"

"ಹೌದ್ರಿ, ಹೌದ್ರಿ. ನಾ ಯಾರಿಗೂ ಹೇಳಂಗಿಲ್ಲ ಬಿಡ್ರಿ."

ಸಂಜೆಯೊಳಗೆ ಇಡೀ ಓಣಿಗೆ ಗೊತ್ತಾಗಿತ್ತು.

ರವಿವಾರದ ಹೊತ್ತಿಗೆ ಎಲೆಗಳು ಸುಟ್ಟ ಹಪ್ಪಳದಂತಾಗಿದ್ದವು. ಅತ್ತೆಯವರು ಕೈಯ ಚೀಲವನ್ನೂ ಇಳಿಸದೆ ಕುಂಡದ ಮುಂದೆ ಕುಳಿತರು. ಅವರು ಅಳಿಯನೊಂದಿಗೆ ನೇರವಾಗಿ ಮಾತಾಡುವವರಲ್ಲ. ವಿಚಾರಣೆಯೆಲ್ಲ ಮಗಳ ಮೂಲಕ.

"ಸುವರ್ಣಾ, ಗಿಡಕ್ಕ ಏನ ಕುಡಿಸ್ಯಾರ, ಕೇಳು."

ನಾನು ಪಕ್ಕದಲ್ಲೇ ನಿಂತಿದ್ದೆ. "ಟಾನಿಕ್ ಅಂತ ಹೇಳು" ಎಂದೆ.

"ಹಂಗಾರ ಗಿಡ ನಾ ವಾಪಸ್ ಒಯ್ತೀನಿ. ಇಲ್ಲಿ ಇದು ಉಳಿಯಂಗಿಲ್ಲ."

ಸುವರ್ಣಾ ಕುಂಡದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು, ಅಷ್ಟೇ. ಅವಳ ಕಣ್ಣು ನೋಡಿ ನನ್ನ ಜಾಣತನವೆಲ್ಲ ಇಳಿದುಹೋಯಿತು.

ಕೊಡದ ಮೇಲೆ ಕೊಡ ನೀರು ಹೊತ್ತು ತಂದೆ. ಬೇರು ತೊಳೆದೆವು, ಮಣ್ಣು ಬದಲಿಸಿದೆವು. ಸುವರ್ಣಾ ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸಿದಳು, ಮಗುವಿನ ಮುಖ ಒರೆಸಿದ ಹಾಗೆ. ಅತ್ತೆಯವರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಸಂಜೆ ಹುಮನಾಬಾದಿನ ಬಸ್ಸಿಗೆ ಹೊರಟಾಗ ಅವರ ಕೈಯಲ್ಲಿ ಬರೀ ಚೀಲವಿತ್ತು.

"ಗಿಡ ನಿನ್ನ ಬಲ್ಲಿನೇ ಇರ್ಲಿ ಮಗಳಾ. ಅವರ್ನಷ್ಟ ಗಿಡದ ಹತ್ರ ಬಿಡಬ್ಯಾಡ."

ಈಗ ಮಲ್ಲಿಗೆ ಮೊಗ್ಗು ಬಿಟ್ಟಿದೆ. ಸುವರ್ಣಾ ನೀರು ಹಾಕುತ್ತಾಳೆ, ಸುವರ್ಣಾ ಬಿಡಿಸುತ್ತಾಳೆ, ಸುವರ್ಣಾ ಮುಡಿಯುತ್ತಾಳೆ. ತೋಟಗಾರನಾದ ನನಗೆ ಪರಿಮಳ ಹೀರುವ ಅಪ್ಪಣೆ ಇದೆ. ಅದೂ ಹೊಸ್ತಿಲ ಒಳಗಿನಿಂದ!